ಎಂಟಾಣೆಯ ಹೆರಿಗೆ ಭತ್ಯೆ ಮತ್ತು ಅಂಬೇಡ್ಕರ್

ಯಾದಗಿರಿ, ಶಹಾಪುರ, ಸುರಪುರದ ಯಾವ ಸಭೆಯಲ್ಲೂ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಪರಿಚಯಿಸುವ ಅಗತ್ಯವಿಲ್ಲ. ಏಪ್ರಿಲ್ 14 ಬಂದರೆ ನೀಲಿ ಬಾವುಟಗಳ ಮೆರವಣಿಗೆ. ಡಿಸೆಂಬರ್ 6 ಬಂದರೆ ಭಾವಚಿತ್ರದ ಮುಂದೆ ಮೇಣದ ಬತ್ತಿ. ಸಂವಿಧಾನ ಶಿಲ್ಪಿ, ಮಹಾಡದ ಕೆರೆಯ ನೀರನ್ನು ಮುಟ್ಟಿದ ಧೀರ, ಲಕ್ಷಾಂತರ ಜನರೊಡನೆ ಬೌದ್ಧ ಧಮ್ಮ ಸ್ವೀಕರಿಸಿದ ನಾಯಕ ಎಂಬ ಮಾತುಗಳು ಭಾಷಣಗಳಲ್ಲಿ ತಪ್ಪದೆ ಬರುತ್ತವೆ. ಬಾರದೇ ಉಳಿಯುವ ಮಾತೊಂದಿದೆ. ದುಡಿಯುವ ಹೆಂಗಸು ಬಸುರಿಯಾದರೆ ಆಕೆಯ ಕೂಲಿ ಏಕೆ ನಿಲ್ಲಬೇಕು, ಕೆಲಸ ಏಕೆ ಹೋಗಬೇಕು, ಆ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗಳನ್ನು ಅವರು ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲೇ ಶಾಸನ ಸಭೆಯಲ್ಲಿ ಎತ್ತಿಕೊಂಡಿದ್ದರು. ಮುಂದೆ ಎರಡು ದಶಕಗಳ ಕಾಲ ಬೇರೆ ಬೇರೆ ಅಧಿಕಾರಸ್ಥಾನಗಳಲ್ಲಿ ನಿಂತು ಆ ಪ್ರಶ್ನೆಗಳಿಗೆ ಮತ್ತೆ ಮತ್ತೆ ಮರಳಿದರು.

ಈ ಮೂರು ತಾಲ್ಲೂಕುಗಳಿಗೆ ಅವರ ಜೀವನದ ಈ ಭಾಗವೇ ಹೆಚ್ಚು ಹತ್ತಿರದ್ದು ಎಂದು ನನ್ನ ಭಾವನೆ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ ಎಡದಂಡೆ ಕಾಲುವೆ ಹರಿಸಿದ ಮೇಲೆ ಸುರಪುರ, ಶಹಾಪುರದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ನಾಟಿ ಮಾಡುವವರು, ಹತ್ತಿ ಬಿಡಿಸುವವರು, ಮೆಣಸಿನಕಾಯಿ ಕೀಳುವವರು ಬಹುಪಾಲು ಹೆಂಗಸರೇ. ಎಕರೆ ಲೆಕ್ಕದಲ್ಲಿ ಗುಂಪಾಗಿ ಗುತ್ತಿಗೆ ಹಿಡಿದಾಗ ಕೈ ನಿಧಾನವಾದವಳು ಗುಂಪಿಗೆ ಭಾರ. ಏಳು ತಿಂಗಳ ಬಸುರಿಯನ್ನು ಯಾರೂ ಕೆಲಸದಿಂದ ತೆಗೆದುಹಾಕುವುದಿಲ್ಲ. ಮರುದಿನ ಕರೆಯುವುದಿಲ್ಲ, ಅಷ್ಟೆ. ಮಳೆ ಕೈಕೊಟ್ಟ ವರ್ಷ ಇದೇ ಸಂಸಾರಗಳು ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತವೆ. 2020ರ ಮೇ, ಜೂನ್ ತಿಂಗಳಲ್ಲಿ ಕೋವಿಡ್ ಭಯಕ್ಕೆ ಮಹಾರಾಷ್ಟ್ರದಿಂದ ಹಿಂದಿರುಗಿದವರಿಂದ ಯಾದಗಿರಿ ಜಿಲ್ಲೆಯ ಶಾಲೆಗಳೂ ವಸತಿ ನಿಲಯಗಳೂ ತುಂಬಿದಾಗಲೇ, ಈ ಜಿಲ್ಲೆ ಎಷ್ಟು ದೂರದವರೆಗೆ ದುಡಿಯಲು ಹೋಗುತ್ತದೆಂಬುದು ಉಳಿದ ಕರ್ನಾಟಕಕ್ಕೆ ತಿಳಿದದ್ದು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಕಾನೂನು ಓದಿ ಹಕ್ಕು ಕೇಳುವವರ ಸಂಖ್ಯೆ ಎಷ್ಟಿದ್ದೀತು ಎಂಬುದನ್ನು ಇದರಿಂದ ಊಹಿಸಬಹುದು.

ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ದಂಡಿನ ಪ್ರದೇಶದಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೇನೆಯ ಸುಬೇದಾರರು. ತಾಯಿ ಭೀಮಾಬಾಯಿಗೆ ಅವರು ಹದಿನಾಲ್ಕನೆಯ ಕೂಸು. ಹುಟ್ಟಿದ ಹದಿನಾಲ್ಕರಲ್ಲಿ ಬದುಕುಳಿದವರು ಬೆರಳೆಣಿಕೆಯಷ್ಟು. ಭೀಮರಾವ್ ಐದು ವರ್ಷದವರಿರುವಾಗ ತಾಯಿಯೂ ತೀರಿಕೊಂಡರು. ಮುಂದೆ ರಮಾಬಾಯಿಯವರೊಂದಿಗಿನ ದಾಂಪತ್ಯದಲ್ಲಿ ಐದು ಮಕ್ಕಳು ಹುಟ್ಟಿ ನಾಲ್ವರು ಎಳವೆಯಲ್ಲೇ ಹೋದರು. ಯಶವಂತ ಒಬ್ಬನೇ ಉಳಿದ. ಕೊನೆಯ ಮಗ ರಾಜರತ್ನ 1926ರಲ್ಲಿ ತೀರಿಕೊಂಡಾಗ ಅಂಬೇಡ್ಕರ್ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಅವರ ಬದುಕಿನ ಅತಿ ಗಾಢವಾದ ಶೋಕವಿದೆ. ಇದಾಗಿ ಎರಡೇ ವರ್ಷಕ್ಕೆ ಅವರು ಹೆರಿಗೆ ಭತ್ಯೆಯ ಮಸೂದೆಯ ಪರವಾಗಿ ಎದ್ದು ನಿಂತರು. ಆ ಭಾಷಣದಲ್ಲಿ ತಮ್ಮ ಮನೆಯ ದುಃಖವನ್ನು ಅವರು ತರಲಿಲ್ಲ. ಎರಡಕ್ಕೂ ಗಂಟು ಹಾಕುವುದು ಜೀವನಚರಿತ್ರೆ ಬರೆಯುವವರ ಚಪಲ. ಆದರೂ ವಿಷಯ ಅವರಿಗೆ ಕೇವಲ ಪುಸ್ತಕದ್ದಾಗಿರಲಿಲ್ಲ ಎನ್ನುವಷ್ಟನ್ನು ಹೇಳಬಹುದು.

ಉದ್ಯೋಗದ ಸ್ಥಳದಲ್ಲಿ ತಾರತಮ್ಯವೆಂದರೇನು ಎಂಬುದನ್ನೂ ಅವರು ಮೊದಲು ಕಲಿತದ್ದು ಸ್ವಂತ ನೌಕರಿಯಿಂದಲೇ. ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಂದ ಲಂಡನ್ನಿಗೆ ತೆರಳಿ, ಕರಾರಿನಂತೆ ಸಂಸ್ಥಾನದ ಸೇವೆಗೆ 1917ರಲ್ಲಿ ಬರೋಡೆಗೆ ಬಂದಾಗ, ಕಚೇರಿಯ ಜವಾನರು ಕಡತಗಳನ್ನು ಅವರ ಮೇಜಿನ ಮೇಲೆ ದೂರದಿಂದಲೇ ಎಸೆಯುತ್ತಿದ್ದರು. ಊರಲ್ಲಿ ಇರಲು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಸೇರಿದ್ದ ಪಾರ್ಸಿ ವಸತಿಗೃಹದಿಂದ ಹೊರದಬ್ಬಲಾಯಿತು. ಮರುವರ್ಷ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರೆ, ಅಧ್ಯಾಪಕರ ಕೊಠಡಿಯ ನೀರಿನ ಹೂಜಿಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳ ಆಕ್ಷೇಪ. ಕೆಲಸಕ್ಕೆ ಬೇಕಾದ ಅರ್ಹತೆಗೂ ಕೆಲಸದಲ್ಲಿ ಉಳಿಯಲು ಬೇಕಾದ ನೆಲೆಗೂ ನಡುವೆ ಕಂದಕವಿರಬಹುದೆಂದು ತಿಳಿಯಲು ಇಷ್ಟು ಸಾಕಿತ್ತು.

ಮುಂದೆ ಅವರು ವಾಸಿಸಿದ್ದು ಪರಳದ ಚಾಳಿನಲ್ಲಿ, ಗಿರಣಿ ಕೆಲಸಗಾರರ ನಡುವೆ. 1920ರ ದಶಕದ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಹೆಂಗಸರು. ನೂಲು ಸುತ್ತುವ ವಿಭಾಗಗಳಲ್ಲಿ ಅವರಿಗೆ ಕೆಲಸ. ಹೆರಿಗೆಯ ಹಿಂದಿನ ದಿನದವರೆಗೂ ಗಿರಣಿಗೆ ಬರುವುದು, ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಮರಳುವುದು, ಮರಳಿದಾಗ ಜಾಗ ಇನ್ನೊಬ್ಬರ ಪಾಲಾಗಿರುವುದು ಮಾಮೂಲಾಗಿತ್ತು. 1922ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಈ ಹೆಂಗಸರ ಬಾಣಂತನದ ಸ್ಥಿತಿಯನ್ನು ವಿಚಾರಿಸಿ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಅದಕ್ಕೂ ಮೊದಲೇ, 1919ರಲ್ಲಿ, ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಹೆರಿಗೆಯ ಹಿಂದೆ ಮುಂದೆ ಆರಾರು ವಾರಗಳ ರಜೆಯ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಬ್ರಿಟಿಷ್ ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಎನ್.ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ತಂದ ಮಸೂದೆ ಬಿದ್ದುಹೋಯಿತು. ಹೀಗಾಗಿ ಪ್ರಯತ್ನ ಪ್ರಾಂತ್ಯಗಳಿಗೆ ಇಳಿಯಿತು.

1927ರಲ್ಲಿ ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯರಾದರು. ಸರ್ಕಾರೇತರ ಸದಸ್ಯರೊಬ್ಬರು ಮಂಡಿಸಿದ್ದ ಹೆರಿಗೆ ಭತ್ಯೆ ಮಸೂದೆ 1928ರ ಜುಲೈ 28ರಂದು ಚರ್ಚೆಗೆ ಬಂದಾಗ ಮುಂಬಯಿಯ ಗಿರಣಿಗಳು ಮುಚ್ಚಿದ್ದವು. ಏಪ್ರಿಲ್‌ನಲ್ಲಿ ಆರಂಭವಾದ ಮಹಾ ಮುಷ್ಕರ ಅಕ್ಟೋಬರ್‌ವರೆಗೆ ನಡೆಯಿತು. ಆ ಮುಷ್ಕರದ ಬಗ್ಗೆ ಅಂಬೇಡ್ಕರ್ ಅವರಿಗೆ ಪೂರ್ಣ ಸಮಾಧಾನವಿರಲಿಲ್ಲ. ಹರಿದ ನೂಲನ್ನು ಬಾಯಿಂದ ಹಿಡಿದು ಗಂಟುಹಾಕಬೇಕಾದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸವರ್ಣ ಕಾರ್ಮಿಕರು ಸೇರಗೊಡುತ್ತಿರಲಿಲ್ಲ. ಹೆಚ್ಚಿನ ಕೂಲಿ ಇದ್ದದ್ದು ಅಲ್ಲಿಯೇ. ಕಾರ್ಮಿಕರ ಬೇಡಿಕೆಗಳ ಪಟ್ಟಿಯಲ್ಲಿ ಇದೂ ಸೇರಬೇಕೆಂದು ಅವರು ನಾಯಕರೊಂದಿಗೆ ಜಗಳವಾಡಿದರು. ಕಾರ್ಮಿಕ ವರ್ಗ ಒಂದೇ ಎಂಬ ಮಾತಿನೊಳಗೆ ಯಾರೆಲ್ಲ ಹೊರಗುಳಿಯುತ್ತಾರೆಂದು ಎಣಿಸುವ ಅಭ್ಯಾಸ ಅವರದು. ಅದೇ ಅಭ್ಯಾಸ ಬಸುರಿಯ ವಿಷಯದಲ್ಲೂ ಕೆಲಸ ಮಾಡಿತು.

ಪರಿಷತ್ತಿನಲ್ಲಿ ಅವರು ಮುಂದಿಟ್ಟ ವಾದ ಸರಳವಾದದ್ದು, ಆದರೆ ಅದರ ಲೆಕ್ಕಾಚಾರ ಸೂಕ್ಷ್ಮವಾದದ್ದು. ಹೆರಿಗೆಗೆ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತ. ಜನರ ಕ್ಷೇಮವನ್ನು ಕಾಯುವುದು ಸರ್ಕಾರದ ಹೊಣೆಯಾದ್ದರಿಂದ ಈ ವೆಚ್ಚದ ಬಹುಭಾಗವನ್ನು ಸರ್ಕಾರವೇ ಹೊರಬೇಕು ಎಂಬುದನ್ನು ಅವರು ಒಪ್ಪಿಕೊಂಡರು. ಹಾಗೆಂದು ಮಾಲೀಕನಿಗೆ ಬಿಡುಗಡೆ ಕೊಡಲಿಲ್ಲ. ಕೆಲವು ಉದ್ಯಮಗಳಲ್ಲಿ ಗಂಡಸರ ಬದಲು ಹೆಂಗಸರನ್ನು ಇಟ್ಟುಕೊಳ್ಳುವುದರಿಂದ ಮಾಲೀಕನಿಗೆ ಹೆಚ್ಚಿನ ಲಾಭವಿದೆ. ಆ ಲಾಭ ಪಡೆಯುವವನು ಅದೇ ಹೆಂಗಸಿನ ಹೆರಿಗೆಯ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ದಾನ, ಕರುಣೆ, ಮಾತೃದೇವತೆಯ ಮಹಿಮೆ ಯಾವುದೂ ಈ ವಾದದಲ್ಲಿಲ್ಲ. ಬಸುರಿಯ ಬಗ್ಗೆ ಮಾತನಾಡುವಾಗ ಗದ್ಗದರಾಗುವ ನಮ್ಮ ರಾಜಕಾರಣಿಗಳು ಈ ಒಣ ಭಾಷಣವನ್ನು ಒಮ್ಮೆ ಓದಬೇಕು.

1929ರಲ್ಲಿ ಮಸೂದೆ ಕಾಯ್ದೆಯಾಯಿತು. ದೇಶದಲ್ಲೇ ಇಂತಹ ಮೊದಲ ಕಾಯ್ದೆ. ದಿನಕ್ಕೆ ಎಂಟಾಣೆ ಭತ್ಯೆ, ಹೆರಿಗೆಯ ಹಿಂದು ಮುಂದಿನ ಕೆಲವು ವಾರಗಳಿಗೆ ಮಾತ್ರ. ಅದು ಕಾರ್ಖಾನೆಗಳಿಗಷ್ಟೇ ಸೀಮಿತ. ಹೆರಿಗೆ ಭತ್ಯೆ ಕೊಡಬೇಕಾದರೆ ಹೆಂಗಸರನ್ನೇ ತೆಗೆದುಕೊಳ್ಳುವುದಿಲ್ಲವೆಂಬ ಮಾಲೀಕರ ಎಚ್ಚರಿಕೆ ಪೂರ್ತಿ ಪೊಳ್ಳಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಮುಂದಿನ ದಶಕಗಳಲ್ಲಿ ಮುಂಬಯಿ ಗಿರಣಿಗಳಲ್ಲಿ ಹೆಂಗಸರ ಪ್ರಮಾಣ ಇಳಿಯುತ್ತಲೇ ಹೋಯಿತು. ಹೊಸ ಯಂತ್ರಗಳು, ರಾತ್ರಿ ಪಾಳಿಯ ನಿಷೇಧ, ಹೆರಿಗೆ ಭತ್ಯೆ ಎಲ್ಲವೂ ಅದಕ್ಕೆ ಕಾರಣಗಳೆಂದು ಹೇಳಲಾಯಿತು. ವೆಚ್ಚದ ಬಹುಭಾಗ ಸರ್ಕಾರದ ಮೇಲಿರಬೇಕು ಎಂದು ಅಂಬೇಡ್ಕರ್ ಮೊದಲೇ ಏಕೆ ಹೇಳಿದ್ದರು ಎಂಬುದು ಇಲ್ಲಿ ಅರ್ಥವಾಗುತ್ತದೆ. ಪೂರ್ತಿ ಹೊರೆ ಮಾಲೀಕನ ಮೇಲೆ ಬಿದ್ದರೆ ಅವನು ಅದನ್ನು ಹೆಂಗಸಿನ ಬೆಲೆಗೆ ಸೇರಿಸುತ್ತಾನೆ. ಸಾರ್ವಜನಿಕ ನಿಧಿಯಿಂದ ಬಂದರೆ ಗಂಡಸನ್ನೂ ಹೆಂಗಸನ್ನೂ ಬೇರೆ ಬೇರೆ ತೂಗಲು ಕಾರಣ ಕಡಿಮೆಯಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದು ದಿನ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಾಗಲೂ ಕೇಳಿಬಂದದ್ದು ಗಿರಣಿ ಮಾಲೀಕರ ಆ ಹಳೆಯ ಎಚ್ಚರಿಕೆಯೇ.

ಆಗ ಯಾದಗಿರಿ, ಶಹಾಪುರ, ಸುರಪುರಗಳಿದ್ದದ್ದು ಹೈದರಾಬಾದ್ ನಿಜಾಮರ ರಾಜ್ಯದ ಗುಲ್ಬರ್ಗ ಜಿಲ್ಲೆಯಲ್ಲಿ. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲು ಸೊಲ್ಲಾಪುರ ದಾಟಿ ಗುಲ್ಬರ್ಗ, ವಾಡಿ, ಯಾದಗಿರಿ, ರಾಯಚೂರು ಎಂದು ಸಾಗುತ್ತದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಸೊಲ್ಲಾಪುರದ ಗಿರಣಿ ಕಾರ್ಮಿಕಳು ಮುಂಬಯಿ ಶಾಸನ ಪರಿಷತ್ತಿನ ಕಾನೂನಿನ ಪರಿಧಿಯಲ್ಲಿದ್ದಳು. ಅದೇ ರೈಲಿನಲ್ಲಿ ಕೆಲವು ತಾಸು ಮುಂದೆ ಬಂದರೆ, ಗುಲ್ಬರ್ಗದ ಎಂಎಸ್‌ಕೆ ಗಿರಣಿಯಲ್ಲಿ ದುಡಿಯುವವಳಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಹಕ್ಕು ಎಂಬುದು ರಾಜ್ಯದ ಗಡಿಗೆ ಬಂದು ನಿಲ್ಲುವ ವಸ್ತುವಾಗಿತ್ತು.

1930ರ ದಶಕ ಅಂಬೇಡ್ಕರ್ ಜೀವನದಲ್ಲಿ ದುಂಡು ಮೇಜಿನ ಪರಿಷತ್ತು, ಪುಣೆ ಒಪ್ಪಂದ, ಯೇವಲೆಯ ಘೋಷಣೆಗಳ ಕಾಲ. ಅವೆಲ್ಲ ಓದುಗರಿಗೆ ತಿಳಿದದ್ದೇ. 1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಮರುವರ್ಷ ಅಂಬೇಡ್ಕರ್ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು; 1937ರ ಚುನಾವಣೆಯಲ್ಲಿ ಸ್ಪರ್ಧಿಸಿದ ಬಹುತೇಕ ಸ್ಥಾನಗಳನ್ನು ಗೆದ್ದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆಗೂಡಿ ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ನಡೆಸಿದರು. ಮೂರು ದಿನ ಕಳೆದು, ನವೆಂಬರ್ 10ರಂದು, ಸಂತಾನ ನಿಯಂತ್ರಣಕ್ಕೆ ಸರ್ಕಾರ ಸೌಲಭ್ಯ ಒದಗಿಸಬೇಕೆಂಬ ಅವರ ವಾದವನ್ನು ಪಕ್ಷದ ಸದಸ್ಯ ಪಿ.ಜೆ. ರೋಹಮ್ ಸಭೆಯ ಮುಂದಿಟ್ಟರು. ಸಭೆ ಅದನ್ನು ತಿರಸ್ಕರಿಸಿತು. ಮುಷ್ಕರದ ಹಕ್ಕು ಮತ್ತು ಬಸಿರು ಬೇಡವೆನ್ನುವ ಹಕ್ಕು ಒಂದೇ ವಾರದ ಕೆಲಸವಾದದ್ದು ಆ ಕಾಲದ ಯಾವ ಕಾರ್ಮಿಕ ನಾಯಕರ ದಿನಚರಿಯಲ್ಲೂ ಕಾಣಸಿಗದ ಸಂಗತಿ.

1942ರ ಜುಲೈನಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಗಣಿ ಕಾರ್ಮಿಕ ಮಹಿಳೆಯರ ಹೆರಿಗೆ ಭತ್ಯೆ ಕಾಯ್ದೆ 1941ರಲ್ಲೇ ಬಂದಿತ್ತು. ಅದರ ಅಸ್ಪಷ್ಟತೆಗಳನ್ನು ಮಾಲೀಕರು ಬಳಸಿಕೊಳ್ಳದಂತೆ 1943ರಲ್ಲಿ ತಿದ್ದುಪಡಿ ತಂದರು. ಅದೇ ವರ್ಷ ಅವರ ಜೀವನದ ಕಷ್ಟದ ತೀರ್ಮಾನವೊಂದೂ ಬಂತು. ಗಣಿಯ ಒಳಗೆ ಹೆಂಗಸರನ್ನು ದುಡಿಸಿಕೊಳ್ಳುವುದನ್ನು 1937ರಲ್ಲಿ ನಿಷೇಧಿಸಲಾಗಿತ್ತು. ಯುದ್ಧಕಾಲದಲ್ಲಿ ಗಂಡಾಳುಗಳು ಹೆಚ್ಚಿನ ಕೂಲಿಯ ಮಿಲಿಟರಿ ಕಾಮಗಾರಿಗಳಿಗೆ ಹೋದರು. ಕಲ್ಲಿದ್ದಲಿನ ಉತ್ಪಾದನೆ ಕುಸಿಯಿತು. ಸರ್ಕಾರ ನಿಷೇಧವನ್ನು ಹಿಂತೆಗೆಯಿತು, ಖಾತೆಯ ಹೊಣೆ ಅಂಬೇಡ್ಕರ್ ಅವರದು. ಅಖಿಲ ಭಾರತ ಮಹಿಳಾ ಪರಿಷತ್ತು ಪ್ರತಿಭಟಿಸಿತು. 1944ರ ಫೆಬ್ರುವರಿ 8ರಂದು ಕೇಂದ್ರ ಶಾಸನ ಸಭೆಯಲ್ಲಿ ಈ ಬಗ್ಗೆ ಚರ್ಚೆಯಾದಾಗ ಅವರು ಸರ್ಕಾರದ ಕ್ರಮವನ್ನು ಸಮರ್ಥಿಸಿಕೊಂಡರು. ಇದು ತುರ್ತುಸ್ಥಿತಿಯ ತಾತ್ಕಾಲಿಕ ಕ್ರಮ, ಗಣಿಯೊಳಗೆ ಹೆಂಗಸಿಗೂ ಗಂಡಸಿನಷ್ಟೇ ಕೂಲಿ ಎಂಬ ನಿಯಮವಿದೆ ಎಂಬುದು ಅವರ ಸಮರ್ಥನೆ.

ಈ ಪುಟವನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹಾರಿಸಿ ಓದುತ್ತಾರೆ. ಹಾರಿಸಬೇಕಾದ್ದಿಲ್ಲ. ಅವರು ಆಗ ಸರ್ಕಾರದ ಭಾಗವಾಗಿದ್ದರು, ಯುದ್ಧವನ್ನು ಗೆಲ್ಲಲೇಬೇಕೆಂದು ನಂಬಿದ್ದರು, ಆ ನಂಬಿಕೆಗೆ ಬೆಲೆ ತೆತ್ತವರು ಝರಿಯಾ, ರಾಣಿಗಂಜ್‌ಗಳ ಆದಿವಾಸಿ ಮತ್ತು ದಲಿತ ಹೆಂಗಸರು. ಪ್ರತಿಭಟಿಸಿದ ಮಹಿಳಾ ಪರಿಷತ್ತಿನ ಮಾತಿನಲ್ಲಿ ನ್ಯಾಯವಿತ್ತು ಎಂದೇ ನಾನು ಭಾವಿಸುತ್ತೇನೆ. ಆದರೆ ಮುಂದೆ ಅವರು ಮಾಡಿದ್ದನ್ನೂ ಗಮನಿಸಬೇಕು. 1943ರ ಕೊನೆಯಲ್ಲಿ ಕಲ್ಲಿದ್ದಲು ಪ್ರದೇಶಕ್ಕೆ ಹೋಗಿ ಸ್ವತಃ ಗಣಿಯೊಳಗೆ ಇಳಿದು ನೋಡಿದರು. 1944ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. 1945ರಲ್ಲಿ ಗಣಿಗಳಲ್ಲಿ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಲಾಯಿತು. ನೆಲದೊಳಗೆ ದುಡಿಯುವ ಬಸುರಿಗೆ ಮೇಲೆ ದುಡಿಯುವವಳಿಗಿಂತ ಹೆಚ್ಚು ಕಾಲದ ವಿಶ್ರಾಂತಿ ಮತ್ತು ಭತ್ಯೆ ಸಿಗುವಂತೆ ಹೆರಿಗೆ ಕಾಯ್ದೆಯನ್ನು ಮತ್ತೆ ತಿದ್ದಲಾಯಿತು. 1946ರಲ್ಲಿ ನಿಷೇಧ ಮರಳಿ ಬಂತು. ಸುರಪುರದಿಂದ ಕೃಷ್ಣೆ ದಾಟಿದರೆ ಸಿಗುವ ಹಟ್ಟಿ ಚಿನ್ನದ ಗಣಿಯಲ್ಲೂ ದೇಶದ ಉಳಿದ ಗಣಿಗಳಲ್ಲೂ ಹೆಂಗಸರು ಒಳಗಿಳಿಯುವುದನ್ನು 1952ರ ಗಣಿ ಕಾಯ್ದೆ ತಡೆದಿತ್ತು. ಮೇಲ್ವಿಚಾರಣೆ ಮತ್ತು ತಾಂತ್ರಿಕ ಹುದ್ದೆಗಳಿಗೆ ಆ ತಡೆ ಸಡಿಲಗೊಂಡದ್ದು 2019ರಲ್ಲಿ.

ಕಾರ್ಖಾನೆ ಮತ್ತು ಗಣಿಯಿಂದ ಮುಂದಿನ ಹೆಜ್ಜೆ ಹೊಲಕ್ಕೆ ಆಗಬೇಕಿತ್ತು. ಅದರ ಯೋಜನೆ ಅಂಬೇಡ್ಕರ್ ಅವರ ಬಳಿ ಇತ್ತು ಎಂಬುದು ಅಷ್ಟಾಗಿ ಚರ್ಚೆಯಾಗದ ವಿಷಯ. 1947ರಲ್ಲಿ ಅವರು ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಿದ್ಧಪಡಿಸಿದ, ರಾಜ್ಯಗಳು ಮತ್ತು ಅಲ್ಪಸಂಖ್ಯಾತರನ್ನು ಕುರಿತ ಮನವಿಪತ್ರದಲ್ಲಿ ಕೃಷಿಯನ್ನು ಸರ್ಕಾರಿ ಉದ್ಯಮವಾಗಿಸಬೇಕು, ಜಮೀನನ್ನು ಜಾತಿಭೇದವಿಲ್ಲದೆ ಗ್ರಾಮಸ್ಥರ ಸಾಮೂಹಿಕ ಬೇಸಾಯಕ್ಕೆ ಕೊಡಬೇಕು ಎಂದಿದ್ದರು. ಜಮೀನ್ದಾರ, ಗೇಣಿದಾರ, ಭೂಮಿಯಿಲ್ಲದ ಕೂಲಿ ಎಂಬ ಮೂರು ವರ್ಗಗಳೂ ಅದರಲ್ಲಿ ಇಲ್ಲವಾಗಬೇಕಿತ್ತು. ಈ ಯೋಜನೆ ಕಾರ್ಯಸಾಧ್ಯವಾಗಿತ್ತೇ ಎಂಬುದು ಬೇರೆ ಮಾತು; ಸಾಮೂಹಿಕ ಬೇಸಾಯದ ಅನುಭವ ಬೇರೆ ದೇಶಗಳಲ್ಲಿ ಕಹಿಯಾಗಿಯೇ ಮುಗಿಯಿತು. ಆದರೆ ಸಮಸ್ಯೆಯ ಬೇರನ್ನು ಅದು ಸರಿಯಾಗಿ ಹಿಡಿದಿತ್ತು. ಗಿರಣಿಗೆ ಹಾಜರಿ ಪುಸ್ತಕವಿದೆ, ಮಾಲೀಕನಿದ್ದಾನೆ, ಹಾಗಾಗಿ ಭತ್ಯೆ ಕೇಳಲು ಬಾಗಿಲಿದೆ. ಇಂದು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರ ಹೊಲ ಎಂದು ದುಡಿಯುವವಳ ಮಾಲೀಕ ಯಾರು?

ಸಂವಿಧಾನ ಸಭೆ ಆ ಯೋಜನೆಯನ್ನು ಸ್ವೀಕರಿಸಲಿಲ್ಲ. ಉಳಿದದ್ದು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಒಂದು ವಾಕ್ಯ: ನ್ಯಾಯೋಚಿತವೂ ಮಾನವೀಯವೂ ಆದ ಕೆಲಸದ ಪರಿಸ್ಥಿತಿಯನ್ನೂ ಹೆರಿಗೆ ಪರಿಹಾರವನ್ನೂ ಒದಗಿಸುವ ಹೊಣೆ ರಾಜ್ಯದ್ದು ಎನ್ನುವ 42ನೇ ವಿಧಿ. 1948ರ ನವೆಂಬರ್‌ನಲ್ಲಿ ಅದು ಹೆಚ್ಚಿನ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಯಾರೂ ವಿರೋಧಿಸದ ವಿಧಿಗೆ ನ್ಯಾಯಾಲಯದಲ್ಲಿ ನೇರವಾಗಿ ಜಾರಿ ಮಾಡಿಸುವ ಬಲವೂ ಇರಲಿಲ್ಲ. ಅಂಬೇಡ್ಕರ್ 1951ರಲ್ಲಿ ಹಿಂದೂ ಸಂಹಿತೆಯ ವಿಷಯವಾಗಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ನಿಜಾಮರ ರಾಜ್ಯ 1948ರ ಸೆಪ್ಟೆಂಬರ್‌ನಲ್ಲೇ ಭಾರತಕ್ಕೆ ಸೇರಿತ್ತು. ಯಾದಗಿರಿ, ಶಹಾಪುರ, ಸುರಪುರ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಐದು ವಾರ ಕಳೆದು, ಡಿಸೆಂಬರ್ 6ರಂದು, ದೆಹಲಿಯಲ್ಲಿ ಅಂಬೇಡ್ಕರ್ ನಿಧನರಾದರು.

ಇಡೀ ದೇಶಕ್ಕೆ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ನ್ಯಾಯಾಲಯಗಳು 42ನೇ ವಿಧಿಗೆ ನಿಧಾನವಾಗಿ ಜೀವ ತುಂಬಿದವು. ಮೊದಲ ಬಸಿರಿಗೇ ಗಗನಸಖಿಯರನ್ನು ಮನೆಗೆ ಕಳಿಸುವ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದುಪಡಿಸಿತು. ನೌಕರಿಗೆ ಸೇರುವಾಗ ಋತುಸ್ರಾವ ಮತ್ತು ಬಸುರಿನ ವಿವರ ಕೇಳುವ ಜೀವವಿಮಾ ನಿಗಮದ ಅರ್ಜಿ ನಮೂನೆ 1991ರಲ್ಲಿ ಅದೇ ನ್ಯಾಯಾಲಯದ ಟೀಕೆಗೆ ಗುರಿಯಾಯಿತು. ನಮ್ಮ ಮೂರು ತಾಲ್ಲೂಕುಗಳಿಗೆ ಹೆಚ್ಚು ಮುಖ್ಯವಾದದ್ದು 2000ದ ಮಾರ್ಚ್ 8ರ ತೀರ್ಪು. ದೆಹಲಿ ಮಹಾನಗರ ಪಾಲಿಕೆಯಲ್ಲಿ ಹಾಜರಿ ಪಟ್ಟಿಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ದಿನಗೂಲಿ ಹೆಂಗಸರಿಗೂ ಹೆರಿಗೆ ರಜೆ ಸಲ್ಲಬೇಕೆಂದು ಅದು ಹೇಳಿತು. ಕಾಯಂ ನೌಕರಿ ಅಲ್ಲ ಎಂಬ ನೆಪ ಕಾನೂನಿನ ಮಟ್ಟಿಗೆ ಅಂದೇ ಮುಗಿಯಿತು. 2017ರಲ್ಲಿ ಮೊದಲ ಎರಡು ಹೆರಿಗೆಗಳಿಗೆ ರಜೆ 12ರಿಂದ 26 ವಾರಗಳಿಗೆ ಏರಿತು. 2025ರ ನವೆಂಬರ್ 21ರಿಂದ ಈ ಉಪಬಂಧಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಭಾಗವಾಗಿ ಜಾರಿಯಲ್ಲಿವೆ. ಕಾರ್ಖಾನೆ, ಗಣಿ, ತೋಟ ಮತ್ತು ಹತ್ತು ಅಥವಾ ಹೆಚ್ಚು ಜನರು ದುಡಿಯುವ ಅಂಗಡಿ, ಸಂಸ್ಥೆಗಳು ಅದರ ವ್ಯಾಪ್ತಿ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ಬಸುರಿನ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಸೇರುವ ಹೆಣ್ಣುಮಗಳಿಗೂ ಇದು ಅನ್ವಯ.

ಭತ್ತದ ನಾಟಿಗೆ ಹೋಗುವವಳಿಗೆ ಇದು ಅನ್ವಯಿಸುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿಯ ಜಾಗದಲ್ಲಿ ಐದಕ್ಕಿಂತ ಕಡಿಮೆಯಿಲ್ಲದಷ್ಟು ಎಳೆಯ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಳನ್ನು ನೇಮಿಸಲು ಹೇಳಿತ್ತು; ಕರ್ನಾಟಕದಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿಯನ್ನೂ ಕೊಡಲಾಗಿತ್ತು. ಕೂಲಿಸಹಿತ ಹೆರಿಗೆ ರಜೆ ಅದರಲ್ಲಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ತಂದಿತು. ಹೊಲದ ಹೆಂಗಸಿನ ಹೆರಿಗೆಗೆ ಮಾನ್ಯತೆ ಕೊಟ್ಟ ಕಾನೂನೆಂದರೆ 2013ರ ಆಹಾರ ಭದ್ರತಾ ಕಾಯ್ದೆ. ಸರ್ಕಾರಿ ನೌಕರರಲ್ಲದ ಪ್ರತಿ ಗರ್ಭಿಣಿಗೂ 6,000 ರೂಪಾಯಿಗಿಂತ ಕಡಿಮೆಯಿಲ್ಲದ ಹೆರಿಗೆ ನೆರವು ಎಂದು ಅದು ಹೇಳುತ್ತದೆ. 2017ರಲ್ಲಿ ಬಂದ ಮಾತೃ ವಂದನಾ ಯೋಜನೆಯಲ್ಲಿ ಅದು ಮೊದಲ ಹೆರಿಗೆಗೆ 5,000 ರೂಪಾಯಿಯಾಗಿ ಇಳಿಯಿತು. ಎರಡನೆಯದಕ್ಕೆ ಹುಟ್ಟಿದ್ದು ಹೆಣ್ಣಾದರೆ ಮಾತ್ರ 6,000. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಐದು ಸಾವಿರವನ್ನು ಅದರಿಂದ ಭಾಗಿಸಿದರೆ ಹದಿಮೂರೂವರೆ ದಿನದ ಕೂಲಿ. ಕಚೇರಿಯಲ್ಲಿ ದುಡಿಯುವ ಸೋದರಿಗೆ ಸಿಗುವುದು 26 ವಾರದ ಪೂರ್ತಿ ಸಂಬಳ. ಈ ಗರ್ಭಿಣಿಯ ಹೆಸರು ಬರೆದುಕೊಂಡು, ಆಸ್ಪತ್ರೆಗೆ ಕರೆದೊಯ್ದು, ಹೆರಿಗೆ ಮಾಡಿಸಿ ಕರೆತರುವ ಆಶಾ ಕಾರ್ಯಕರ್ತೆ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, ಸ್ವಯಂಸೇವಕಿ.

ಗುಳೆ ಹೋದವಳ ಸ್ಥಿತಿ ಇನ್ನೊಂದು ಬಗೆಯದು. ಕಟ್ಟಡ ಕಾರ್ಮಿಕಳಾಗಿ ನೋಂದಾಯಿಸಿಕೊಂಡರೆ ಕರ್ನಾಟಕದ ಕಲ್ಯಾಣ ಮಂಡಳಿಯಿಂದ ಮೊದಲ ಎರಡು ಮಕ್ಕಳಿಗೆ ತಲಾ 50,000 ರೂಪಾಯಿಯ ತಾಯಿ ಲಕ್ಷ್ಮಿ ಬಾಂಡ್ ಇದೆ. ಅದು ಬರುವುದು ಕಟ್ಟಡ ವೆಚ್ಚದ ಮೇಲಿನ ಸೆಸ್‌ನಿಂದ. ಕಟ್ಟಿಸುವವರು ಕೊಟ್ಟ ಹಣ ಸಾರ್ವಜನಿಕ ನಿಧಿಯಾಗಿ, ಯಾವ ಮೇಸ್ತ್ರಿಯ ಕೆಳಗೆ ದುಡಿದರೂ ತಾಯಿಗೆ ಸಲ್ಲುತ್ತದೆ. 1928ರ ವಾದಕ್ಕೆ ಇದಕ್ಕಿಂತ ಹತ್ತಿರದ ಏರ್ಪಾಡು ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಸುರಪುರದ ಹಳ್ಳಿಯಿಂದ ಹೋದವಳು ಮೂರು ತಿಂಗಳಲ್ಲಿ ನಾಲ್ಕು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಿರುತ್ತಾಳೆ, ಮುಂಗಡ ಕೊಟ್ಟು ಕರೆದೊಯ್ದ ಮೇಸ್ತ್ರಿಯ ಪುಸ್ತಕದಲ್ಲಿ ಗಂಡನ ಹೆಸರಷ್ಟೇ ಇರುತ್ತದೆ, ಹೆರಿಗೆಗೆಂದು ಊರಿಗೆ ಬರುವಾಗ ಸಹಿ ಹಾಕಬೇಕಾದವನು ಬೆಂಗಳೂರಿನಲ್ಲಿ ಉಳಿದಿರುತ್ತಾನೆ.